ರಸ್ತೆ ಗುಡಿಸುವುದು, ಮಳೆನೀರು ಚರಂಡಿಯ ಹೂಳೆತ್ತುವುದು: ಯಾವುದು ಮೊದಲು, ಯಾವುದು ಆಮೇಲೆ

"ಹೂಳು ತೆಗೆಸಿ ಇನ್ನೂ ತಿಂಗಳಾಗಿಲ್ಲ, ಮೊದಲ ಮಳೆಗೇ ರಸ್ತೆ ತುಂಬಾ ನೀರು." ಈ ದೂರು ಪದೇಪದೇ ಬರುತ್ತದೆ. ಕಾರಣ ಹೆಚ್ಚುಕಮ್ಮಿ ಒಂದೇ. ಕೆಲಸ ಆಗಿರುತ್ತದೆ, ದುಡ್ಡೂ ಖರ್ಚಾಗಿರುತ್ತದೆ, ಆದರೆ ಹಿಂದುಮುಂದಾಗಿ ಆಗಿರುತ್ತದೆ. ಮೊದಲು ಚರಂಡಿ ತೆಗೆದು, ಆಮೇಲೆ ರಸ್ತೆ ಗುಡಿಸಿ, ಆ ಮಣ್ಣನ್ನೆಲ್ಲ ಅದೇ ಚರಂಡಿಗೆ ತಳ್ಳಿರುತ್ತಾರೆ. ಇಲ್ಲವೇ ಮೇಲಿನ ತುದಿಯಿಂದ ಶುರು ಮಾಡಿ, ನಿಜವಾಗಿ ಕಟ್ಟಿಕೊಂಡಿರುವ ಕೆಳಗಿನ ಬಾಯಿ ಮುಟ್ಟುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಅದೂ ಅಲ್ಲದಿದ್ದರೆ, ಎತ್ತಿದ ಹೂಳು ದಡದಲ್ಲೇ ಕೂತಿರುತ್ತದೆ.

ಈ ಬರಹ ಕೆಲಸ ಮಾಡಿಸುವ ಮೇಸ್ತ್ರಿಗೆ, ವಾರ್ಡಿನ ಉಸ್ತುವಾರಿಗೆ, ತಮ್ಮ ಬೀದಿಯ ಕೆಲಸ ಸರಿಯಾಗಿ ಆಗುತ್ತಿದೆಯೇ ಎಂದು ನೋಡಬೇಕೆನ್ನುವ ನಿವಾಸಿಗೆ. ಹಂತಗಳನ್ನು ಇದೇ ಸಾಲಿನಲ್ಲಿ ಹಿಡಿಯಿರಿ.

## ಹಂತ 1: ನೀರು ಹೋಗುವ ದಾರಿಯನ್ನು ನಡೆದು ನೋಡಿ

ಗುದ್ದಲಿ ಮುಟ್ಟುವ ಮೊದಲು ಕೊನೆಯ ಬಾಯಿಗೆ ಹೋಗಿ. ಅಂದರೆ ಚರಂಡಿಯ ನೀರು ಹಳ್ಳಕ್ಕೋ ಕೆರೆಗೋ ದೊಡ್ಡ ಕಾಲುವೆಗೋ ಬೀಳುವ ಜಾಗ. ಅಲ್ಲಿಂದ ಏರಿನ ಕಡೆಗೆ ನಡೆದು ಬನ್ನಿ. ತುಂಬಾ ಜನ ತಮ್ಮ ಮನೆ ಮುಂದೆ ನೀರು ನಿಂತ ಜಾಗದಲ್ಲೇ ಅಗೆಯಲು ಶುರು ಮಾಡುತ್ತಾರೆ. ನೀರು ನಿಲ್ಲುವುದು ಒಂದು ಕಡೆ, ಅದನ್ನು ತಡೆದಿರುವುದು ಇನ್ನೊಂದು ಕಡೆ. ತಡೆ ಹೆಚ್ಚಾಗಿ ನೀರು ನಿಂತ ಜಾಗಕ್ಕಿಂತ ಕೆಳಗೇ ಇರುತ್ತದೆ.

ನಡೆಯುವಾಗ ಒಂದು ಉದ್ದನೆಯ ಕಬ್ಬಿಣದ ಸಲಾಕೆ ಕೈಯಲ್ಲಿರಲಿ. ಅದಕ್ಕೆ 10 ಸೆಂಟಿಮೀಟರ್‌ಗೊಂದರಂತೆ ಬಣ್ಣದ ಗುರುತು ಹಾಕಿ. ಪ್ರತಿ ಕಿಂಡಿ (ರಸ್ತೆಯ ನೀರು ಚರಂಡಿಗೆ ಇಳಿಯುವ ತೂತು), ಪ್ರತಿ ತಿರುವು, ಪ್ರತಿ ಮೋರಿಯ ಬಾಯಲ್ಲಿ ಸಲಾಕೆಯನ್ನು ಮೆಲ್ಲಗೆ ಇಳಿಸಿ. ಹೂಳಿನ ಮೇಲ್ಮೈ ಮುಟ್ಟಿದಾಗ ಒಂದು ಅಳತೆ, ಒತ್ತಿ ಗಟ್ಟಿ ತಳ ಸಿಕ್ಕಾಗ ಇನ್ನೊಂದು. ಎರಡರ ನಡುವಿನ ಅಂತರವೇ ಹೂಳಿನ ದಪ್ಪ. ಕಿಂಡಿಗೆ ಪೇಂಟಿನಲ್ಲಿ ಒಂದು ನಂಬರ್ ಬರೆದು, ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಈ ಪುಸ್ತಕ ಇಲ್ಲದೆ ಮುಂದಿನ ಯಾವ ಲೆಕ್ಕವೂ ಆಗುವುದಿಲ್ಲ.

ಲೆಕ್ಕ ಹೀಗೆ. 100 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಚರಂಡಿಯಲ್ಲಿ 20 ಸೆಂಟಿಮೀಟರ್ ಹೂಳಿದ್ದರೆ ಅದು 12 ಘನ ಮೀಟರ್. ಮರಳು ಬೆರೆತ ಒದ್ದೆ ಹೂಳು ಘನ ಮೀಟರಿಗೆ ಒಂದೂವರೆ ಟನ್‌ಗೂ ಜಾಸ್ತಿ ತೂಗುತ್ತದೆ. ಅಂದರೆ 18 ಟನ್‌ ಮೇಲೆ. ಮೂರು ಘನ ಮೀಟರ್ ಹಿಡಿಯುವ ಟ್ರೇಲರ್ ಇದ್ದರೆ ನಾಲ್ಕು ಲೋಡು. ಅಗೆದ ಮೇಲೆ ಹೂಳು ಸಡಿಲಾಗಿ ಉಬ್ಬುವುದರಿಂದ ಐದು ಎಂದಿಟ್ಟುಕೊಳ್ಳಿ. ಈ ಲೆಕ್ಕ ಹಾಕದೆ ಒಂದೇ ಗಾಡಿ ಕರೆಸಿದರೆ ಉಳಿದ ಹೂಳು ದಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ?

"ಬರೀ 20 ಸೆಂಟಿಮೀಟರ್ ಅಲ್ವಾ" ಎನ್ನುವವರಿಗೆ ಒಂದು ಮಾತು. 60 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಚರಂಡಿಯ ತಳದಲ್ಲಿ 20 ಸೆಂಟಿಮೀಟರ್ ಹೂಳು ಕೂತರೆ ಜಾಗ ಹೋಗುವುದು ಮೂರನೇ ಒಂದು ಪಾಲು. ಆದರೆ ಅದೇ ಇಳಿಜಾರಿನಲ್ಲಿ ನೀರು ಸಾಗಿಸುವ ಶಕ್ತಿ ಶೇಕಡ 40ರಷ್ಟು ಬೀಳುತ್ತದೆ. ಆಳ ಕಮ್ಮಿಯಾದಾಗ ನೀರಿನ ವೇಗವೂ ಇಳಿಯುತ್ತದೆ. ವೇಗ ಇಳಿದಲ್ಲಿ ಇನ್ನಷ್ಟು ಹೂಳು ಕೂರುತ್ತದೆ.

## ಹಂತ 2: ಸಲಕರಣೆ ಜೋಡಿಸಿಕೊಳ್ಳಿ

ರಸ್ತೆಗೆ: ಉದ್ದ ಹಿಡಿಯ ಗಟ್ಟಿ ಬ್ರಶ್ಶು, ಕಡ್ಡಿ ಪೊರಕೆ, ಚಪ್ಪಟೆ ಸನಿಕೆ, ತಳ್ಳುಗಾಡಿ, ಕಸ ಎತ್ತುವ ಇಕ್ಕಳ. ಚರಂಡಿಗೆ: ಹಾರೆ, ಗುದ್ದಲಿ, ಬಾಂಡ್ಲಿ, ಉದ್ದ ಹಿಡಿಯ ತೂತಿನ ಸನಿಕೆ, ಚಪ್ಪಡಿ ಎತ್ತುವ ಕೊಕ್ಕೆ ಎರಡು, ಮರಳಿನ ಚೀಲ ನಾಲ್ಕಾರು, ಒಂದು ಗಟ್ಟಿ ಬಲೆ. ರಸ್ತೆಗೆ ಅಡ್ಡ ಇಡುವ ಕೋನ್ ಮತ್ತು ಹೊಳೆಯುವ ಜಾಕೆಟ್ಟು ಇಲ್ಲದೆ ಯಾರೂ ಕೆಲಸಕ್ಕೆ ಇಳಿಯಬಾರದು.

ಕೈಗೆ ಮೊಣಕೈವರೆಗಿನ ರಬ್ಬರ್ ಗ್ಲೌಸು, ಕಾಲಿಗೆ ಮೊಣಕಾಲಿನವರೆಗಿನ ಗಟ್ಟಿ ತಳದ ಬೂಟು. ಹೂಳಿನಲ್ಲಿ ಒಡೆದ ಗಾಜು, ಸೂಜಿ, ಬ್ಲೇಡು ಇದ್ದೇ ಇರುತ್ತವೆ ಎಂದುಕೊಂಡೇ ಕೈ ಹಾಕಬೇಕು. ಇಲಿ ಉಚ್ಚೆ ಬೆರೆತ ನೀರು ಗಾಯಕ್ಕೆ ತಗುಲಿದರೆ ಇಲಿ ಜ್ವರ ಬರಬಹುದು. ಅದಕ್ಕೆ ಗಾಯ ಇರುವವರನ್ನು ಆ ದಿನ ಗುಡಿಸುವ ಕೆಲಸಕ್ಕೆ ಹಾಕಿ, ಚರಂಡಿಗೆ ಬೇಡ. ಟೆಟನಸ್ ಚುಚ್ಚುಮದ್ದು ಎಲ್ಲರಿಗೂ ಆಗಿರಲಿ. ಕೈ ತೊಳೆಯಲು ಸೋಪು, ಶುದ್ಧ ನೀರು ಕೆಲಸದ ಜಾಗದಲ್ಲೇ ಇರಲಿ.

## ಹಂತ 3: ರಸ್ತೆ ಗುಡಿಸಿ, ಕಿಂಡಿಯಿಂದ ದೂರಕ್ಕೆ

ಚರಂಡಿಗೆ ಹೋಗುವ ಹೂಳಿನ ದೊಡ್ಡ ಪಾಲು ರಸ್ತೆಯಿಂದಲೇ ಬರುತ್ತದೆ. ಆದ್ದರಿಂದ ಗುಡಿಸುವುದು ಮೊದಲು.

ಮೊದಲು ಕಿಂಡಿಗಳ ಮೇಲೆ ರಬ್ಬರ್ ಹಾಸು ಅಥವಾ ಹಳೆ ಗೋಣಿಚೀಲ ಮುಚ್ಚಿ. ಐದು ನಿಮಿಷದ ಕೆಲಸ, ಆದರೆ ಮುಕ್ಕಾಲು ಕಡೆ ಯಾರೂ ಮಾಡುವುದಿಲ್ಲ. ಆಮೇಲೆ ಪ್ಲಾಸ್ಟಿಕ್, ಬಾಟಲಿ, ಕೊಂಬೆಯಂಥ ದೊಡ್ಡ ಕಸವನ್ನು ಇಕ್ಕಳದಲ್ಲಿ ಎತ್ತಿ. ದೊಡ್ಡದು ಇದ್ದಂತೆಯೇ ಗುಡಿಸಿದರೆ ಪೊರಕೆ ಅದನ್ನೇ ತಳ್ಳುತ್ತಾ ಹೋಗುತ್ತದೆ, ಕೆಳಗಿನ ಸಣ್ಣ ಮಣ್ಣು ಅಲ್ಲೇ ಉಳಿಯುತ್ತದೆ.

ನೋಡಬೇಕಾದದ್ದು ಆ ಸಣ್ಣ ಮಣ್ಣನ್ನೇ. ವಾಹನದ ಗಾಳಿ, ಮಳೆನೀರು ಎರಡೂ ಅದನ್ನು ರಸ್ತೆಯ ಅಂಚಿಗೆ ತಳ್ಳುತ್ತವೆ. ಬಹುಪಾಲು ಕೊಳೆ ಅಂಚಿನ ಕಲ್ಲಿನಿಂದ ಒಂದು ಮೀಟರ್ ಒಳಗೇ ಇರುತ್ತದೆ. ರಸ್ತೆ ಮಧ್ಯ ಗುಡಿಸಿ ಬೆವರು ಹರಿಸುವುದು ಸುಮ್ನೆ ಶ್ರಮ. ಅಂಚಿನ ಕಲ್ಲು ರಸ್ತೆಗೆ ಸೇರುವ ಮೂಲೆಗೆ ಗಟ್ಟಿ ಬ್ರಶ್ಶನ್ನು ಓರೆಯಾಗಿ ಒತ್ತಿ ಕೆರೆಯಿರಿ. ಅಲ್ಲಿ ಹುಲ್ಲು ಹುಟ್ಟಿದ್ದರೆ ಅದರ ಬುಡದಲ್ಲಿ ಹಳೆಯ ಮಣ್ಣು ಗಟ್ಟಿ ಕೂತಿದೆ ಎಂದರ್ಥ. ಸನಿಕೆಯ ಅಂಚಿನಿಂದ ಕೆತ್ತಿ ತೆಗೆಯಿರಿ. ತೈಲ, ಟೈರಿನ ಪುಡಿ, ಲೋಹದ ಕಣ ಎಲ್ಲವೂ ಹೆಚ್ಚಾಗಿ ಅಂಟಿಕೊಳ್ಳುವುದು ನುಣುಪಾದ ಮಣ್ಣಿಗೇ. ದಪ್ಪ ಕಸ ಹೋಗಿ ರಸ್ತೆ ಚೆಂದ ಕಂಡರೂ ಈ ನುಣುಪು ಮಣ್ಣು ಉಳಿದಿದ್ದರೆ ಕೆಲಸ ಅರ್ಧವೇ ಆಗಿದೆ.

ಒಣ ಗುಡಿಸುವಿಕೆಗೆ ದೂಳು ಏಳುತ್ತದೆ. ನೀರು ಚಿಮುಕಿಸಿ, ಸುರಿಯಬೇಡಿ. ಜಾಸ್ತಿ ನೀರಾದರೆ ಮಣ್ಣು ಅಂಟಾಗಿ ಅಂಚಿಗೆ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಬ್ರಶ್ಶಿಗೂ ಬರುವುದಿಲ್ಲ. ಗಾಳಿ ಬೆನ್ನಿಗಿರುವಂತೆ ನಿಂತು ಗುಡಿಸಿ. ಮೂಗಿಗೆ ಮಾಸ್ಕ್ ಇರಲಿ.

ಗುಡ್ಡೆ ಹಾಕುವಾಗ ಕಿಂಡಿಯ ಮೇಲ್ಗಡೆ ಇಳಿಜಾರಿನಲ್ಲಿ ಹಾಕಲೇಬೇಡಿ. ಒಂದು ಹನಿ ಮಳೆಗೆ ಅದು ನೇರ ಒಳಗೆ ಹೋಗುತ್ತದೆ. ಸಣ್ಣ ಸಣ್ಣ ಗುಡ್ಡೆ ಮಾಡಿ, ಹಿಂದೆಯೇ ತಳ್ಳುಗಾಡಿ ಬರಲಿ. "ಮಧ್ಯಾಹ್ನ ಒಟ್ಟಿಗೆ ಎತ್ತೋಣ" ಎಂದು ಬಿಟ್ಟ ಗುಡ್ಡೆಯ ಅರ್ಧ ವಾಹನದ ಚಕ್ರಕ್ಕೆ ಹೋಗಿರುತ್ತದೆ. ಇನ್ನು ಪೈಪ್ ಹಿಡಿದು ರಸ್ತೆ ತೊಳೆಯುವುದು, ಗಾಳಿ ಊದುವ ಯಂತ್ರದಿಂದ ಎಲೆಯನ್ನು ಚರಂಡಿಯತ್ತ ಓಡಿಸುವುದು. ಇದು ಗುಡಿಸುವುದಲ್ಲ, ಕಸದ ವಿಳಾಸ ಬದಲಿಸುವುದು.

ಯಂತ್ರ ಬಳಸುವುದಾದರೆ: ಬ್ರಶ್ಶಿನಿಂದ ಕೆರೆದು ಬೆಲ್ಟಿಗೆ ಎಸೆಯುವ ಯಂತ್ರ ದಪ್ಪ ಕಸಕ್ಕೆ, ಒದ್ದೆ ಎಲೆಗೆ ಒಳ್ಳೆಯದು. ಗಾಳಿಯಿಂದ ಹೀರುವ ಯಂತ್ರ ನುಣುಪು ಮಣ್ಣಿಗೆ ಒಳ್ಳೆಯದು. ಎರಡೂ ಇದ್ದರೆ ಅದೇ ಸಾಲಿನಲ್ಲಿ ಓಡಿಸಿ. ನಡಿಗೆಗಿಂತ ಸ್ವಲ್ಪವೇ ಜೋರಾಗಿ, ಗಂಟೆಗೆ 5ರಿಂದ 8 ಕಿಲೋಮೀಟರ್ ವೇಗ ಸಾಕು. ಚಾಲಕ ಇದಕ್ಕಿಂತ ಜೋರಾಗಿ ಓಡಿಸಿದರೆ ಹಿಂದೆ ಮಣ್ಣಿನ ಗೆರೆ ಉಳಿಯುವುದು ಕಣ್ಣಿಗೇ ಕಾಣುತ್ತದೆ. ನಿಲ್ಲಿಸಿದ ಕಾರೊಂದು ಅಡ್ಡ ಬಂದರೆ ಯಂತ್ರ ಅಂಚು ಬಿಟ್ಟು ಸುತ್ತಿ ಹೋಗಬೇಕು, ಹಾಗಾಗಿ ಕಾರಿನ ಹಿಂದೆ ಮುಂದೆಯೂ ಒಂದಷ್ಟು ಉದ್ದ ತಪ್ಪುತ್ತದೆ. ಒಂದು ದಿನ ಎಡಬದಿ, ಇನ್ನೊಂದು ದಿನ ಬಲಬದಿ ಖಾಲಿ ಮಾಡಿಸುವುದೇ ಇದಕ್ಕೆ ದಾರಿ. ಹಿಂದಿನ ದಿನವೇ ಹೇಳಿ.

## ಹಂತ 4: ಕಿಂಡಿ ಮತ್ತು ಅದರ ಕೆಳಗಿನ ಗುಂಡಿ

ಗುಡಿಸಿದ ಮೇಲೆ ಹಾಸು ತೆಗೆದು ಜಾಲರಿ ಎತ್ತಿ. ಇಬ್ಬರು, ಎರಡು ಕೊಕ್ಕೆ. ಬೆನ್ನು ಬಗ್ಗಿಸದೆ ಮಂಡಿ ಮಡಚಿ ಎತ್ತಬೇಕು. ಎತ್ತಿದ ಜಾಲರಿಯನ್ನು ವಾಹನ ಓಡುವ ಕಡೆ ಇಡಬೇಡಿ.

ಎಷ್ಟೋ ಕಿಂಡಿಗಳ ಕೆಳಗೆ, ಕೊಳವೆಯ ಬಾಯಿಗಿಂತ ತಗ್ಗಿನಲ್ಲಿ, ಮಣ್ಣು ಕೂರಲೆಂದೇ ಒಂದು ಗುಂಡಿ ಬಿಟ್ಟಿರುತ್ತಾರೆ. ಅದು ಅರ್ಧ ತುಂಬಿದಾಗಲೇ ಖಾಲಿ ಮಾಡಬೇಕು. ಅರ್ಧ ದಾಟಿದ ಮೇಲೆ ಜೋರು ಮಳೆ ಬಂದರೆ ಕೂತ ಮಣ್ಣು ಎದ್ದು ಕೊಳವೆಗೆ ನುಗ್ಗುತ್ತದೆ. ಗುಂಡಿ ತೆಗೆಯುವುದು ಸುಲಭ, ಕೊಳವೆ ತೆಗೆಯುವುದು ಕಷ್ಟ. ಪೂರ್ತಿ ತುಂಬುವವರೆಗೆ ಕಾಯುವುದು ಎಲ್ಲ ಕಡೆ ನಡೆಯುವ ತಪ್ಪು.

ಜಾಲರಿ ವಾಪಸ್ ಇಡುವ ಮೊದಲು ಅದು ಕೂರುವ ಚೌಕಟ್ಟನ್ನು ತಂತಿ ಬ್ರಶ್ಶಿನಿಂದ ಉಜ್ಜಿ. ಒಂದು ಕಡಲೆ ಗಾತ್ರದ ಕಲ್ಲು ಸಿಕ್ಕಿಕೊಂಡಿದ್ದರೂ ಜಾಲರಿ ಅಲ್ಲಾಡುತ್ತದೆ, ಪ್ರತಿ ಗಾಡಿಗೂ ಟಕ್ ಟಕ್ ಎನ್ನುತ್ತದೆ, ಕೊನೆಗೆ ಚೌಕಟ್ಟೇ ಒಡೆಯುತ್ತದೆ. ಇನ್ನೊಂದು: ಜಾಲರಿಯ ಸೀಳುಗಳು ವಾಹನ ಹೋಗುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕೆ ಇಟ್ಟರೆ ಸೈಕಲ್ ಚಕ್ರ ಒಳಗೆ ಸಿಕ್ಕಿಕೊಳ್ಳುತ್ತದೆ.

## ಹಂತ 5: ತೆರೆದ ಚರಂಡಿ, ಕೆಳಗಿನಿಂದ ಮೇಲಕ್ಕೆ

ನೀರು ಬೀಳುವ ಬಾಯಿಯಿಂದ ಶುರು ಮಾಡಿ. ಅಲ್ಲಿ ತೆರವಾದರೆ ಮೇಲೆ ನಿಂತ ನೀರು ತಾನಾಗಿಯೇ ಇಳಿಯುತ್ತದೆ, ನೀವು ತೇವದ ಹೂಳನ್ನು ಎತ್ತುತ್ತೀರಿ. ಮೇಲಿನಿಂದ ಶುರು ಮಾಡಿದರೆ ಗಂಜಿಯಂಥ ರಾಡಿಯನ್ನು ಬಾಂಡ್ಲಿಯಲ್ಲಿ ಹೊರಬೇಕಾಗುತ್ತದೆ, ಅದರಲ್ಲಿ ಅರ್ಧ ಚೆಲ್ಲುತ್ತದೆ.

"ಹಾಗಾದರೆ ಮೇಲೆ ಕೆದಕಿದ್ದು ಕೆಳಗಿನ ಚೊಕ್ಕ ಭಾಗಕ್ಕೆ ಬರುವುದಿಲ್ಲವೇ?" ಬರುತ್ತದೆ. ಅದಕ್ಕೇ ಬಲೆ ಮತ್ತು ಮರಳಿನ ಚೀಲ. ಕೆಲಸ ಮಾಡುವ ಜಾಗದಿಂದ ಕೆಲವು ಮೀಟರ್ ಕೆಳಗೆ ಚೀಲವನ್ನು ಚರಂಡಿಯ ಕಾಲು ಭಾಗ ಎತ್ತರಕ್ಕೆ ಅಡ್ಡ ಜೋಡಿಸಿ, ಮೇಲೆ ಬಲೆ ಕಟ್ಟಿ. ನೀರು ದಾಟುತ್ತದೆ, ಮಣ್ಣು ನಿಲ್ಲುತ್ತದೆ. ಕೆಲಸ ಮೇಲಕ್ಕೆ ಸರಿದಂತೆ ಇದನ್ನೂ ಸರಿಸಿ. ಸಂಜೆ ತೆಗೆಯಲು ಮರೆತರೆ ನೀವೇ ಕಟ್ಟಿದ ಅಣೆಕಟ್ಟು ರಾತ್ರಿ ಮಳೆಗೆ ಬೀದಿ ಮುಳುಗಿಸುತ್ತದೆ. ಚೀಲ ತೆಗೆಯುವ ಹೊಣೆ ಒಬ್ಬರ ಹೆಸರಿಗೇ ಇರಲಿ.

ಗಟ್ಟಿ ತಳ ಸಿಗುವವರೆಗೆ ತೆಗೆಯಿರಿ, ಅದಕ್ಕಿಂತ ಕೆಳಗೆ ಬೇಡ. ಕಾಂಕ್ರೀಟ್ ಇಲ್ಲದ ಮಣ್ಣಿನ ಚರಂಡಿಯಲ್ಲಿ ಉತ್ಸಾಹಕ್ಕೆ ಅಗೆದರೆ ಅಲ್ಲಲ್ಲಿ ಗುಂಡಿಯಾಗುತ್ತದೆ. ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಬೆಚ್ಚಗಿನ ಹವೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು.

ಇಳಿಜಾರು ಅನುಮಾನ ಬಂದರೆ ಗಾರೆ ಕೆಲಸದವರ ನೀರಿನ ಟ್ಯೂಬ್ ತನ್ನಿ. ಪಾರದರ್ಶಕ ಟ್ಯೂಬಿಗೆ ಗುಳ್ಳೆ ಇಲ್ಲದಂತೆ ನೀರು ತುಂಬಿ, 10 ಮೀಟರ್ ಅಂತರದಲ್ಲಿ ಎರಡೂ ತುದಿ ಎತ್ತಿ ಹಿಡಿಯಿರಿ. ಎರಡೂ ಕಡೆ ನೀರಿನ ಮಟ್ಟ ಒಂದೇ ಇರುತ್ತದೆ. ಆ ಮಟ್ಟದಿಂದ ಚರಂಡಿಯ ತಳದವರೆಗೆ ಎರಡೂ ಕಡೆ ಅಳೆಯಿರಿ. ಕೆಳಗಿನ ತುದಿಯಲ್ಲಿ 5 ಸೆಂಟಿಮೀಟರ್ ಜಾಸ್ತಿ ಬಂದರೆ ಇಳಿಜಾರು 200ಕ್ಕೆ 1. ಎರಡೂ ಒಂದೇ ಬಂದರೆ, ಅಥವಾ ಕೆಳಗಿನ ತುದಿಯಲ್ಲೇ ಕಮ್ಮಿ ಬಂದರೆ, ಎಷ್ಟು ಸಲ ಹೂಳೆತ್ತಿದರೂ ಅಲ್ಲಿ ಮತ್ತೆ ತುಂಬುತ್ತದೆ. ಅದು ಎಂಜಿನಿಯರ್ ಸರಿಪಡಿಸಬೇಕಾದ ಜಾಗ, ಸನಿಕೆಯಿಂದ ಆಗದು.

ಚರಂಡಿಯನ್ನು ಅಡ್ಡ ದಾಟುವ ನೀರಿನ ಪೈಪು, ಕೇಬಲ್ಲುಗಳನ್ನು ಒಂದೊಂದಾಗಿ ನೋಡಿ. ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳುವುದು ಅವಕ್ಕೇ. ಒಂದು ಚೀಲ ಸಿಕ್ಕಿಕೊಂಡರೆ ಎಲೆ, ಎಲೆಯ ಹಿಂದೆ ಮಣ್ಣು. ಹಾರೆಯಿಂದ ಬಡಿದು ತೆಗೆಯಬೇಡಿ, ಪೈಪು ಒಡೆದೀತು. ಕೈಯಿಂದ ಬಿಡಿಸಿ, ಪೈಪು ಸರಿಸಬೇಕೆಂದು ಪುಸ್ತಕದಲ್ಲಿ ಬರೆಯಿರಿ.

## ಹಂತ 6: ಮುಚ್ಚಿದ ಮೋರಿ ಮತ್ತು ಕೊಳವೆ

ಒಳಗೆ ಮನುಷ್ಯರನ್ನು ಇಳಿಸಬೇಡಿ. "ಇದು ಮಳೆನೀರಿನ ಚರಂಡಿ, ಕೊಳಚೆಯದಲ್ಲ" ಎಂಬ ಧೈರ್ಯ ಬೇಡ. ಮುಚ್ಚಿದ ಜಾಗದಲ್ಲಿ ಎಲೆ, ಹೂಳು ಕೊಳೆತರೂ ವಿಷದ ಗಾಳಿ ಹುಟ್ಟುತ್ತದೆ, ಉಸಿರಾಡುವ ಆಮ್ಲಜನಕ ಕಮ್ಮಿಯಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಪ್ರಮಾಣ ಹತ್ತು ಲಕ್ಷಕ್ಕೆ 100 ಭಾಗದ ಹತ್ತಿರ ಬಂದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ತಿಳಿಯುವುದಿಲ್ಲ. "ವಾಸನೆ ಹೋಯ್ತು, ಈಗ ಇಳಿಯಬಹುದು" ಎಂದುಕೊಂಡ ಕ್ಷಣವೇ ಅತಿ ಅಪಾಯದ್ದು. ಈ ಗಾಳಿ ಮಾಮೂಲಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಬಿದ್ದವರನ್ನು ಎಳೆಯಲು ಹಾರಿದವರೂ ಹೀಗೆಯೇ ಸಾಯುತ್ತಾರೆ.

ಮುಚ್ಚಳ ತೆಗೆದು ಮೇಲಿನಿಂದ ಕೆಲಸ ಮಾಡುವಾಗಲೂ ಗಾಳಿ ಅಳೆಯುವ ಮೀಟರ್ ಇಳಿಬಿಡಿ: ಮೇಲೆ, ನಡುವೆ, ತಳದಲ್ಲಿ. ಆಮ್ಲಜನಕ ಶೇಕಡ 19.5ಕ್ಕಿಂತ ಕೆಳಗಿದ್ದರೆ ಅಥವಾ ಮೀಟರ್ ಕೂಗಿದರೆ ಎಲ್ಲರೂ ದೂರ ಸರಿಯಿರಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ.

ಕೊಳವೆ ತೆಗೆಯುವುದು ಜೆಟ್ಟಿಂಗ್ ಗಾಡಿಯ, ಅಂದರೆ ಹೋಸಿನ ತುದಿಯ ನಳಿಗೆಯಿಂದ ಜೋರು ಒತ್ತಡದಲ್ಲಿ ನೀರು ಚಿಮ್ಮಿಸುವ ಗಾಡಿಯ ಕೆಲಸ. ಗಾಡಿ ನಿಲ್ಲಬೇಕಾದದ್ದು ಕೆಳಗಿನ ಮ್ಯಾನ್‌ಹೋಲ್ ಬಳಿ. ನಳಿಗೆಯ ತೂತುಗಳು ಹಿಂದಕ್ಕೆ ನೀರು ಚಿಮ್ಮುವುದರಿಂದ ಅದು ತಾನಾಗಿ ಮೇಲಕ್ಕೆ ತೆವಳುತ್ತದೆ, ವಾಪಸ್ ಎಳೆಯುವಾಗ ಹೂಳನ್ನು ಕೆಳಗಿನ ಮ್ಯಾನ್‌ಹೋಲಿಗೆ ತರುತ್ತದೆ. ಅಲ್ಲಿ ಹೀರುವ ಪೈಪು ಸಿದ್ಧವಾಗಿರಬೇಕು. ಇಲ್ಲದಿದ್ದರೆ ಹೂಳು ಮುಂದಿನ ಕೊಳವೆಗೆ ಹೋಗುತ್ತದೆ. ನಳಿಗೆ ಪೂರ್ತಿ ಒಳಗೆ ಹೋಗುವವರೆಗೆ ಒತ್ತಡ ಹಾಕಬಾರದು. ಹೋಸಿನ ಮೇಲೆ ನಳಿಗೆಯಿಂದ ಎರಡು ಮೀಟರ್ ಹಿಂದೆ ಬಣ್ಣದ ಟೇಪು ಸುತ್ತಿ. ಎಳೆಯುವಾಗ ಟೇಪು ಕಂಡ ತಕ್ಷಣ ಒತ್ತಡ ನಿಲ್ಲಿಸಬೇಕು, ಇಲ್ಲವಾದರೆ ಹೊರಬಂದ ನಳಿಗೆ ಹಾವಿನಂತೆ ಚಿಮ್ಮಿ ಮೂಳೆ ಮುರಿಯುತ್ತದೆ. ಹಳೆಯ ಇಟ್ಟಿಗೆ ಮೋರಿಗೆ ಒತ್ತಡ ಇಳಿಸಿ, ಗಾರೆ ಕಿತ್ತುಬರುತ್ತದೆ.

ಹೂಳಿನ ಜೊತೆ ಕೆಂಪು ಮಣ್ಣು, ಇಟ್ಟಿಗೆ ಚೂರು ಬರುತ್ತಲೇ ಇದ್ದರೆ ಜೆಟ್ಟಿಂಗ್ ನಿಲ್ಲಿಸಿ. ಕೊಳವೆ ಒಡೆದು ಸುತ್ತಲಿನ ನೆಲವೇ ಒಳಗೆ ಬರುತ್ತಿದೆ.

## ಹಂತ 7: ಹೂಳು ಅದೇ ದಿನ ಹೋಗಲಿ

ಇಲ್ಲಿ ಜಾಸ್ತಿ ಹೇಳುವುದಿಲ್ಲ. ದಡದಲ್ಲಿ ಒಣಗಿಸಿ ಆಮೇಲೆ ಸಾಗಿಸುತ್ತೇವೆ ಎಂಬುದು ಕೆಟ್ಟ ಅಭ್ಯಾಸ. ಒಣಗಿದ ಹೂಳು ಪುಡಿಯಾಗಿ ಅರ್ಧ ರಸ್ತೆಗೆ, ಅರ್ಧ ಚರಂಡಿಗೆ ವಾಪಸ್ ಹೋಗುತ್ತದೆ. ನೀರು ಬಸಿಯಲೇಬೇಕೆಂದರೆ ಚರಂಡಿಯಿಂದ ದೂರ, ಸುತ್ತ ಕಟ್ಟೆ ಇರುವ ಒಂದು ಜಾಗ ಗೊತ್ತು ಮಾಡಿ ಅಲ್ಲಿಗೇ ಒಯ್ಯಿರಿ. ಗಾಡಿಗೆ ತಾಡಪಾಲು ಹೊದಿಸಿ, ಹಿಂಬಾಗಿಲಿನ ಸಂದಿ ಮುಚ್ಚಿ. ತೈಲ, ಲೋಹ, ಕೊಳಚೆ ಬೆರೆತ ಈ ಮಣ್ಣನ್ನು ತರಕಾರಿ ತೋಟಕ್ಕೆ, ಗಿಡದ ಪಾತಿಗೆ ಯಾರು ಕೇಳಿದರೂ ಕೊಡಬೇಡಿ.

ಗಾಡಿ ಹೋದ ಮೇಲೆ ದಡವನ್ನು ಇನ್ನೊಮ್ಮೆ ಗುಡಿಸಿ. ಚಪ್ಪಡಿಗಳನ್ನೆಲ್ಲ ವಾಪಸ್ ಇಟ್ಟು, ಎಣಿಸಿ. ಒಂದು ಚಪ್ಪಡಿ ತೆರೆದು ಬಿಟ್ಟರೆ ನೀರು ತುಂಬಿದಾಗ ಅದು ಯಾರ ಕಣ್ಣಿಗೂ ಕಾಣುವುದಿಲ್ಲ.

## ಹಂತ 8: ನೀರು ಬಿಟ್ಟು ನೋಡಿ, ಆಮೇಲೆ ಬಿಲ್ಲಿಗೆ ಸಹಿ

ಮೇಲಿನ ಕಿಂಡಿಯಿಂದ ಒಂದು ಟ್ಯಾಂಕರ್ ನೀರು ಬಿಡಿ. ನೀರಿಗೆ ಒಂದು ಹಿಡಿ ಒಣ ಎಲೆ ಹಾಕಿ ಅದರ ಜೊತೆ ನಡೆಯಿರಿ. ಎಲೆ ಎಲ್ಲಿ ನಿಧಾನವಾಗುತ್ತದೋ, ಸುತ್ತು ತಿರುಗುತ್ತದೋ ಅಲ್ಲಿ ಸಲಾಕೆ ಇಳಿಸಿ. ನೀರು ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಬನ್ನಿ. ಆಗ ಉಳಿದ ಕೊಚ್ಚೆಗಳನ್ನು ಪುಸ್ತಕದಲ್ಲಿ ಗುರುತಿಸಿ.

ನೆಟ್ಟಗಿನ ಕೊಳವೆಗೆ ಬೆಳಕು ಮತ್ತು ಕನ್ನಡಿ ಸಾಕು. ಒಂದು ಮ್ಯಾನ್‌ಹೋಲಿನಲ್ಲಿ ಜೋರು ಬೆಳಕಿನ ದೀಪವನ್ನು ಹಗ್ಗದಲ್ಲಿ ಇಳಿಬಿಡಿ. ಇನ್ನೊಂದರಲ್ಲಿ ಕೋಲಿಗೆ ಕಟ್ಟಿದ ಕನ್ನಡಿಯನ್ನು ಓರೆಯಾಗಿ ಇಳಿಸಿ. ಕನ್ನಡಿಯಲ್ಲಿ ಪೂರ್ತಿ ದುಂಡು ಬೆಳಕು ಕಂಡರೆ ಕೊಳವೆ ಚೊಕ್ಕ. ಕೆಳಭಾಗ ಕತ್ತರಿಸಿದಂತೆ ಕಂಡರೆ ಹೂಳು ಉಳಿದಿದೆ, ಇಲ್ಲವೇ ಕೊಳವೆ ನಡುವೆ ಕುಸಿದಿದೆ. ಏನೂ ಕಾಣದಿದ್ದರೆ ತಡೆ ಇನ್ನೂ ಅಲ್ಲೇ ಇದೆ.

ಕೆಲಸಕ್ಕೆ ಮುಂಚಿನ ಫೋಟೊ, ಆಮೇಲಿನ ಫೋಟೊ ಎರಡೂ ಒಂದೇ ಜಾಗದಿಂದ, ಗುರುತು ಹಾಕಿದ ಸಲಾಕೆ ಕಾಣುವಂತೆ ತೆಗೆಯಿರಿ. ಸಲಾಕೆ ಇಲ್ಲದ ಫೋಟೊದಲ್ಲಿ ಮೇಲಿನ ಪ್ಲಾಸ್ಟಿಕ್ ಎತ್ತಿದ ಚರಂಡಿಯೂ ಚೊಕ್ಕವಾಗಿಯೇ ಕಾಣುತ್ತದೆ.

## ಈ ಲಕ್ಷಣ ಕಂಡರೆ ಹೂಳೆತ್ತುವುದು ಸಾಲದು

ಮಳೆಯೇ ಇಲ್ಲದ ದಿನಗಳಲ್ಲೂ ನೀರು ಹರಿಯುತ್ತಿದ್ದರೆ ಯಾರದೋ ಕೊಳಚೆ ಸಂಪರ್ಕ ಸೇರಿದೆ, ಇಲ್ಲವೇ ಕುಡಿಯುವ ನೀರಿನ ಪೈಪು ಸೋರುತ್ತಿದೆ. ನೊರೆ, ಬೂದು ಬಣ್ಣ, ದುರ್ವಾಸನೆ ಇದ್ದರೆ ಮೊದಲಿನದು. ತಿಳಿನೀರಾದರೆ ಎರಡನೆಯದಿರಬಹುದು.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ಕಂಡರೆ ಅದು ಹೆಚ್ಚಾಗಿ ತೈಲ. ಮೂಲ ಹುಡುಕಲು ಕಿಂಡಿಯಿಂದ ಕಿಂಡಿಗೆ ಮೇಲಕ್ಕೆ ಹೋಗಿ, ಬಣ್ಣ ಎಲ್ಲಿ ನಿಲ್ಲುತ್ತದೋ ಅದಕ್ಕೂ ಹಿಂದಿನ ಕಿಂಡಿಗೂ ನಡುವೆ ಹುಡುಕಿ.

ಚರಂಡಿ ಪಕ್ಕದ ರಸ್ತೆ ಬಟ್ಟಲಿನಂತೆ ತಗ್ಗಿದ್ದರೆ ಕೂಡಲೇ ಅಡ್ಡಗಟ್ಟಿ. ಕೊಳವೆಯ ಕೀಲು ಬಿಟ್ಟು ಕೆಳಗಿನ ಮಣ್ಣು ಕೊಚ್ಚಿಹೋಗಿರಬಹುದು. ಮೇಲೆ ಡಾಂಬರು ಹಾಕಿ ಮುಚ್ಚಿದರೆ ಒಳಗಿನ ಪೊಳ್ಳು ಹಾಗೇ ಉಳಿಯುತ್ತದೆ.

ತಳದಲ್ಲಿ ಬಿಳಿ, ಬೂದು ಗಟ್ಟಿ ಪದರ ಸಿಕ್ಕರೆ ಹತ್ತಿರದಲ್ಲಿ ಯಾರೋ ಸಿಮೆಂಟ್ ಕಲಸಿದ ನೀರನ್ನು ಚರಂಡಿಗೆ ಬಿಟ್ಟಿದ್ದಾರೆ. ಗಟ್ಟಿಯಾದ ಮೇಲೆ ಉಳಿಯಿಂದ ಒಡೆಯುವುದೊಂದೇ ದಾರಿ. ಕಟ್ಟಡ ಕೆಲಸ ನಡೆಯುವ ಬೀದಿಯಲ್ಲಿ ಮರಳಿನ ರಾಶಿಗೆ ಸುತ್ತ ಅಡ್ಡ ಇಡಿಸಿ.

## ಹಂತ 9: ಮುಂದಿನ ಸಲ ಯಾವಾಗ?

ಎಲ್ಲ ಬೀದಿಗೂ ಒಂದೇ ದಿನಾಂಕ ಹಾಕಬೇಡಿ. ಪುಸ್ತಕದಲ್ಲಿರುವ ಸಲಾಕೆಯ ಅಳತೆ ನೋಡಿ. ಮೂರು ತಿಂಗಳಲ್ಲಿ ಅರ್ಧ ತುಂಬಿದ ಗುಂಡಿಗೆ ಮೂರು ತಿಂಗಳು, ವರ್ಷವಾದರೂ ಕಾಲು ತುಂಬದ ಗುಂಡಿಗೆ ವರ್ಷ. ಮಾರುಕಟ್ಟೆ, ಬಸ್ ನಿಲ್ದಾಣ, ಮರಗಳ ಸಾಲು, ಕಚ್ಚಾ ರಸ್ತೆ ಸೇರುವ ಮೂಲೆ ಬೇಗ ತುಂಬುವ ಜಾಗಗಳು. ಎಲೆ ಉದುರುವ ಕಾಲದಲ್ಲಿ ಗುಡಿಸುವ ಸರದಿ ಹೆಚ್ಚಿಸಿ.

ದೊಡ್ಡ ಹೂಳೆತ್ತುವಿಕೆ ಮಳೆಗಾಲಕ್ಕೆ ಕನಿಷ್ಠ ಎರಡು ವಾರ ಮೊದಲು ಮುಗಿದಿರಲಿ. ತೀರಾ ಮುಂಚೆ ಮುಗಿಸಿದರೆ ಮಳೆಗೆ ಮೊದಲೇ ಮತ್ತೆ ತುಂಬುತ್ತದೆ. ತಡವಾದರೆ ಪರೀಕ್ಷೆಗೆ, ರಿಪೇರಿಗೆ ಸಮಯ ಸಿಗುವುದಿಲ್ಲ. ಮೊದಲ ಜೋರು ಮಳೆ ನಿಂತ ಕೂಡಲೇ ಎಲ್ಲ ಜಾಲರಿಗಳನ್ನು ಒಂದು ಸುತ್ತು ನೋಡಿ ಬನ್ನಿ. ತಿಂಗಳುಗಟ್ಟಲೆ ಕೂತ ಕೊಳೆಯನ್ನೆಲ್ಲ ಎಳೆದು ತರುವುದು ಆ ಮಳೆಯೇ. ಅದು ಜಾಲರಿಯ ಮೇಲೆ ಚಾಪೆಯಂತೆ ಹರಡಿಕೊಂಡಿದ್ದರೆ ಕೆಳಗಿನ ಚರಂಡಿ ಎಷ್ಟೇ ಖಾಲಿ ಇದ್ದರೂ ನೀರು ಒಳಗೆ ಇಳಿಯುವುದಿಲ್ಲ. ಆ ಸುತ್ತಿಗೆ ಒಂದು ಇಕ್ಕಳ, ಒಂದು ಚೀಲ, ಗುರುತು ಹಾಕಿದ ಸಲಾಕೆ ಸಾಕು.